ಎಂಎಂ 540 ಬಿಚ್ಚಿ ಕಟ್ಟಿದ್ದು: ಶಬ್ದ ಒಂದು ಕಡೆ, ರೋಗ ಇನ್ನೊಂದು ಕಡೆ

ಜೀಪು ಗಂಟೆಗೆ 45 ಕಿ.ಮೀ. ಮುಟ್ಟುತ್ತಿದ್ದಂತೆ ಮುಂದಿನ ಚಕ್ರ ಎರಡೂ ಎಡಕ್ಕೂ ಬಲಕ್ಕೂ ಕುಣಿಯಲು ಶುರುಮಾಡುತ್ತಿದ್ದವು, ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬ್ರೇಕ್ ಒತ್ತಿ 20ಕ್ಕೆ ಇಳಿಸಿದರೆ ಸುಮ್ಮನಾಗುತ್ತಿತ್ತು. ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡಿ ಸೀಸ ಬಡಿದರು. ಇನ್ನೊಂದು ಕಡೆ ಸ್ಟೇರಿಂಗ್ ಡ್ಯಾಂಪರ್ (ಅಲುಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಕೊಟ್ಟರು. ಎರಡೂ ಆದಮೇಲೆ ಕುಣಿತ 45ರ ಬದಲು 52ಕ್ಕೆ ಬರತೊಡಗಿತು, ಅಷ್ಟೇ ಲಾಭ.

ಗಾಡಿ 1992ರ ಮಹೀಂದ್ರ ಎಂಎಂ 540 ಜೀಪು. ಒಳಗಿರುವುದು ಪಿಜೋ ಮೂಲದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್. ಹೆಸರಿನಲ್ಲೇ ವಿವರ ಇದೆ: ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ). ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 83 ಮಿ.ಮೀ., ಒಟ್ಟು 2112 ಸಿಸಿ. ಮಲೆನಾಡಿನ ಅಡಿಕೆ ಶೆಡ್ಡಿನಲ್ಲಿ, ಒಂದು ಟನ್ನಿನ ಚೈನ್ ಬ್ಲಾಕ್, ಆರ್ಕ್ ವೆಲ್ಡಿಂಗ್ ಸೆಟ್, ಗ್ರೈಂಡರ್, ಟಾರ್ಕ್ ರೆಂಚ್ ಇಟ್ಟುಕೊಂಡು ಇದನ್ನು ಪೂರ್ತಿ ಬಿಚ್ಚಿ ಕಟ್ಟಲು ಹನ್ನೊಂದು ತಿಂಗಳು ಹಿಡಿಯಿತು. ಲೇತ್ ಕೆಲಸ ಮತ್ತು ಡೀಸೆಲ್ ಪಂಪಿನ ಕೆಲಸ ಮಾತ್ರ ಹೊರಗೆ ಕೊಟ್ಟದ್ದು.

ಬಿಚ್ಚುವ ಮೊದಲು ಒಂದು ಕೆಲಸ. ಚಾಸಿ ನಂಬರ್ ಕೊರೆದ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಎರಡು ಪ್ರಿಂಟ್ ತೆಗೆದಿಟ್ಟುಕೊಂಡೆವು. ಆಮೇಲೆ ಆ ಜಾಗಕ್ಕೆ ಗ್ರೀಸ್ ಮೆತ್ತಿ ಟೇಪ್ ಸುತ್ತಿದೆವು. ಗ್ರೈಂಡರ್ ಹಿಡಿದವರ ಕೈ ಒಂದು ಸಲ ಅಲ್ಲಿಗೆ ಹೋದರೆ ಅಕ್ಷರ ಅಳಿಸಿಹೋಗುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಫಾರ್ಮ್ 25 ಕೊಟ್ಟು ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಆಗ ಆ ನಂಬರ್ ಓದಲು ಬರಬೇಕು. ಎಷ್ಟು ಚೆಂದ ಕಟ್ಟಿದರೂ ನಂಬರ್ ಹೋದ ಜೀಪು ಗುಜರಿಗೇ ಸಮ.

ಬಾಡಿ ಎತ್ತಿದ ಮೇಲೆ ಚಾಸಿ ನೋಡಲು ಸಿಕ್ಕಿತು. ದನದ ಗೊಬ್ಬರ, ಅಡಿಕೆ ಸಿಪ್ಪೆ, ಕೆಮ್ಮಣ್ಣು ಎಲ್ಲ ಸೇರಿ ಸಿ ಆಕಾರದ ಚಾನೆಲ್ ಒಳಗೆ ಗಟ್ಟಿಯಾಗಿತ್ತು. ಗೊಬ್ಬರ ಹೊತ್ತ ಗಾಡಿಯಲ್ಲಿ ತುಕ್ಕು ಒಳಗಿನಿಂದ ಬರುತ್ತದೆ, ಹೊರಗೆ ಬಣ್ಣ ಹಾಗೇ ನಿಂತಿರುತ್ತದೆ. ಅದಕ್ಕೆ ಕಣ್ಣಿಗಿಂತ ಕಿವಿಯೇ ಮೇಲು. 200 ಗ್ರಾಂ ಸುತ್ತಿಗೆಯಲ್ಲಿ ಅಂಗುಲ ಅಂಗುಲ ಬಡಿಯುತ್ತ ಹೋದರೆ ಗಟ್ಟಿ ಕಡೆ ಗಂಟೆಯ ಹಾಗೆ ಟಣ್ ಅನ್ನುತ್ತದೆ, ಲಡ್ಡಾದ, ಅಂದರೆ ತುಕ್ಕು ತಿಂದು ತೆಳುವಾದ ಕಡೆ ಡಬ್ ಅನ್ನುತ್ತದೆ. ನಮ್ಮದರಲ್ಲಿ ಮೂರು ಜಾಗ ಡಬ್ ಅಂದವು: ಮುಂದಿನ ಬಲ ಸ್ಪ್ರಿಂಗ್ ಹ್ಯಾಂಗರಿನ ಹಿಂದೆ, ಎಡ ಬಾಡಿ ಮೌಂಟಿನ ಕೆಳಗೆ, ಹಿಂದಿನ ಅಡ್ಡ ಮೆಂಬರಿನ ಎರಡೂ ತುದಿ. ವರ್ನಿಯರ್ ಇಟ್ಟರೆ ಗಟ್ಟಿ ಕಡೆ 3 ಮಿ.ಮೀ.ಗೆ ಹತ್ತಿರ, ಲಡ್ಡು ಕಡೆ 1.4.

ವೆಲ್ಡಿಂಗಿಗೆ ಮುಂಚೆ ಚಾಸಿ ಓರೆಯಾಗಿದೆಯೇ ನೋಡಬೇಕು. ನಾಲ್ಕು ಮೂಲೆಯ ಸ್ಪ್ರಿಂಗ್ ಹ್ಯಾಂಗರ್ ತೂತುಗಳಿಂದ ತೂಗುಗುಂಡು ಬಿಟ್ಟು ಸಿಮೆಂಟ್ ನೆಲದ ಮೇಲೆ ಚುಕ್ಕೆ ಹಾಕಿ, ಚಾಸಿ ಪಕ್ಕಕ್ಕೆ ಸರಿಸಿ, ಚುಕ್ಕೆಯಿಂದ ಚುಕ್ಕೆಗೆ ಮೂಲೆಗೆರೆ ಅಳೆದೆವು. ಎರಡರ ನಡುವೆ 4 ಮಿ.ಮೀ. ವ್ಯತ್ಯಾಸ. ಈ ವಯಸ್ಸಿನ ಜೀಪಿಗೆ ಅಷ್ಟು ನಡೆಯುತ್ತದೆ. 10 ದಾಟಿದ್ದರೆ ಮೊದಲು ಎಳೆಸಿ ನೇರ ಮಾಡಬೇಕಿತ್ತು, ಓರೆ ಚಾಸಿಗೆ ಪ್ಲೇಟ್ ಬೆಸೆದರೆ ಓರೆ ಶಾಶ್ವತ.

ಪ್ಯಾಚ್ ಹಾಕುವಾಗ ಊರ ಕಡೆ ನಡೆಯುವ ತಪ್ಪು ಒಂದೇ: ಚೌಕಾಕಾರದ ತಗಡು ಇಟ್ಟು ಸುತ್ತ ವೆಲ್ಡಿಂಗ್ ಹೊಡೆಯುವುದು. ಚಾನೆಲಿಗೆ ಅಡ್ಡಲಾಗಿ ನೇರ ಗೆರೆಯ ವೆಲ್ಡಿಂಗ್ ಬಿದ್ದರೆ ಚಾಸಿ ಬಗ್ಗುವಾಗ ಒತ್ತಡವೆಲ್ಲ ಆ ಗೆರೆಗೇ ಬಂದು ಬೀಳುತ್ತದೆ, ಎರಡು ಮಳೆಗಾಲದಲ್ಲಿ ಪ್ಯಾಚಿನ ಪಕ್ಕದಲ್ಲೇ ಸೀಳು ಬಿಡುತ್ತದೆ. ಪ್ಲೇಟಿನ ಎರಡೂ ತುದಿ ಮೀನಿನ ಮೂತಿಯ ಹಾಗೆ ಚೂಪಾಗಿರಬೇಕು. ಚಾನೆಲಿನ ಮೇಲಿನ ಮತ್ತು ಕೆಳಗಿನ ಮಡಿಕೆಗಳ ಮೇಲೆ ಅಡ್ಡ ವೆಲ್ಡಿಂಗ್ ಕೂಡದು. ನಾವು ಲಡ್ಡು ಭಾಗವನ್ನು ಪೂರ್ತಿ ಕತ್ತರಿಸಿ, ಮೊದಲು ಅದೇ ದಪ್ಪದ ತುಂಡು ಕೂರಿಸಿ ಬೆಸೆದು, ಅದರ ಮೇಲೆ 4 ಮಿ.ಮೀ. ಮೀನುಮೂತಿ ಪ್ಲೇಟ್ ಹಾಕಿದೆವು. 3.15 ಮಿ.ಮೀ.ಯ ಇ7018 ವೆಲ್ಡಿಂಗ್ ರಾಡ್, 110 ಆಂಪಿಯರ್ ಆಸುಪಾಸು. ಒಂದು ಸಲಕ್ಕೆ 25 ಮಿ.ಮೀ. ಮಾತ್ರ, ಆಮೇಲೆ ಎದುರು ಬದಿ. ಈ ರಾಡು ತೇವ ಕುಡಿದಿದ್ದರೆ ವೆಲ್ಡಿಂಗ್ ಒಳಗೆ ಗುಳ್ಳೆ ಬರುತ್ತದೆ. ಜುಲೈ ತಿಂಗಳ ಮಲೆನಾಡಿನಲ್ಲಿ ಪ್ಯಾಕೆಟ್ ಒಡೆದಿಟ್ಟ ರಾಡು ನಂಬಬೇಡಿ. ಸೀಳು ಇದ್ದಲ್ಲಿ ಅದರ ತುದಿ ಹುಡುಕಿ 4 ಮಿ.ಮೀ. ಡ್ರಿಲ್ ತೂತು ಹಾಕಿಯೇ ಬೆಸೆಯಬೇಕು, ಇಲ್ಲದಿದ್ದರೆ ಸೀಳು ವೆಲ್ಡಿಂಗ್ ದಾಟಿ ಮುಂದೆ ನಡೆಯುತ್ತದೆ.

ಬಣ್ಣದ ವಿಷಯದಲ್ಲಿ ಒಂದೇ ಮಾತು. ರೆಡ್ ಆಕ್ಸೈಡ್ ಹೊಡೆದು ತಿಂಗಳುಗಟ್ಟಲೆ ಬಿಟ್ಟರೆ ಅದು ರಕ್ಷಣೆಯಲ್ಲ, ನೀರು ಹೀರುವ ಬಟ್ಟೆ. ನಾವು ವೈರ್ ಬ್ರಶ್, ತುಕ್ಕು ಕಚ್ಚಿದ ಕುಳಿಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ, ತೊಳೆದು ಒಣಗಿಸಿ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಕಪ್ಪು ಬಣ್ಣ, ಈ ಕ್ರಮದಲ್ಲಿ ಮುಗಿಸಿದೆವು. ಬಾಡಿ ನೆಲಕ್ಕೆ 16 ಗೇಜಿನ 8x4 ಅಡಿ ತಗಡು ಒಂದು (ಸುಮಾರು 37 ಕೆ.ಜಿ. ತೂಗುತ್ತದೆ), ಪಕ್ಕಕ್ಕೆ 18 ಗೇಜ್. ಟಿಂಕರಿಂಗ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನು ಇಲ್ಲಿ ಬಿಡುತ್ತೇನೆ.

ಈಗ ಕುಣಿತಕ್ಕೆ ಬರೋಣ. ಮುಂದಿನ ಆಕ್ಸಲ್ ಹೌಸಿಂಗ್ ನಮ್ಮದರಲ್ಲಿ ಮುಚ್ಚಿದ ಗುಂಡಿನದ್ದು. ಹೌಸಿಂಗಿನ ತುದಿಯಲ್ಲಿ ದೊಡ್ಡ ಉಕ್ಕಿನ ಗುಂಡು, ಅದನ್ನು ಅಪ್ಪಿಕೊಂಡು ನಕ್ಕಲ್ (ಚಕ್ರವನ್ನು ಹೊತ್ತು ತಿರುಗುವ ಭಾಗ), ನಕ್ಕಲ್ಲಿಗೆ ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗ್. ಚಕ್ರ ತಿರುಗುವುದೆಲ್ಲ ಈ ಎರಡು ಚಿಕ್ಕ ಟೇಪರ್ ಬೇರಿಂಗುಗಳ ಮೇಲೆ. ಇವಕ್ಕೆ ಸ್ವಲ್ಪ ಬಿಗಿ ಇರಲೇಬೇಕು. ಆ ಬಿಗಿಯೇ ಚಕ್ರದ ಕುಣಿತವನ್ನು ತಿಂದುಹಾಕುವುದು. ಬೇರಿಂಗ್ ಸವೆದು ಬಿಗಿ ಹೋದರೆ ರಸ್ತೆಯ ಒಂದು ಸಣ್ಣ ಗುಂಡಿ ಸಾಕು, ಚಕ್ರ ತೂಗುಯ್ಯಾಲೆಯ ಹಾಗೆ ಆಡಲು ಹಿಡಿಯುತ್ತದೆ. ಟೈರು ಬ್ಯಾಲೆನ್ಸ್ ಮಾಡಿದರೆ ಆ ಮೊದಲ ತಳ್ಳು ಕಡಿಮೆಯಾಗುತ್ತದೆ, ಡ್ಯಾಂಪರ್ ಹಾಕಿದರೆ ಉಯ್ಯಾಲೆ ತಡವಾಗಿ ಶುರುವಾಗುತ್ತದೆ. 45 ಹೋಗಿ 52 ಆದದ್ದು ಹೀಗೆ.

ಬಿಗಿ ನೋಡುವ ಕ್ರಮ: ಚಕ್ರ, ಹಬ್, ಶಾಫ್ಟ್ ಎಲ್ಲ ತೆಗೆಯಬೇಕು. ಗುಂಡಿನ ಹಿಂದಿನ ಫೆಲ್ಟ್ ಸೀಲ್ ತೆಗೆಯಬೇಕು, ಯಾಕೆಂದರೆ ಸೀಲಿನ ಉಜ್ಜಾಟವೇ ಬಿಗಿಯ ಹಾಗೆ ಮೋಸ ಮಾಡುತ್ತದೆ. ಟೈರಾಡ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಜೋಡಿಸುವ ಸರಳು) ಬಿಚ್ಚಬೇಕು. ಆಮೇಲೆ ಟೈರಾಡಿನ ತೂತಿಗೆ ಸಂತೆಯಲ್ಲಿ ಸಿಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ನಿಧಾನ ಎಳೆಯಬೇಕು. ನಮ್ಮ ಎಡಗಡೆ ನಕ್ಕಲ್ ತಕ್ಕಡಿಯ ಮುಳ್ಳು ಕದಲುವ ಮುಂಚೆಯೇ ತಿರುಗಿಬಿಟ್ಟಿತು. ಬಲಗಡೆಯದು ನಡುವಿನಲ್ಲಿ ಕಟಕ್ ಅಂತ ಒಂದು ಕಡೆ ಕೂರುತ್ತಿತ್ತು. ಬೇರಿಂಗ್ ಕಪ್ ತೆಗೆದು ಬೆಳಕಿಗೆ ಹಿಡಿದರೆ ರೋಲರುಗಳು ನೇರ ಓಟದ ಸ್ಥಾನದಲ್ಲಿ ಹೊಡೆದೂ ಹೊಡೆದೂ ಸಾಲಾಗಿ ಗೀರು ಬಿಟ್ಟಿದ್ದವು, ಉಗುರು ಎಳೆದರೆ ಸಿಕ್ಕುವಷ್ಟು ಆಳ.

ನಾಲ್ಕೂ ಬೇರಿಂಗ್ ಹೊಸತು ಹಾಕಿ, ಬಿಗಿಯನ್ನು ಶಿಮ್‌ನಿಂದ (ನಡುವೆ ಇಡುವ ತೆಳು ತಗಡಿನ ಬಿಲ್ಲೆ) ಹೊಂದಿಸಬೇಕು. ಶಿಮ್ 0.003, 0.005, 0.010, 0.030 ಇಂಚಿನ ದಪ್ಪದಲ್ಲಿ ಬರುತ್ತವೆ. ಮೇಲಿನ ಕ್ಯಾಪಿನ ಕೆಳಗೂ ಕೆಳಗಿನ ಕ್ಯಾಪಿನ ಮೇಲೂ ಇರುತ್ತವೆ. ತೆಗೆಯುವಾಗ ಎರಡೂ ಕಡೆ ಸಮ ತೆಗೆಯಬೇಕು. ಮೇಲೆ ಮಾತ್ರ ತೆಗೆದರೆ ಬಿಗಿ ಬರುತ್ತದೆ, ಆದರೆ ನಕ್ಕಲ್ ಒಂದು ಕಡೆಗೆ ಜಾರಿ ಶಾಫ್ಟಿನ ನಡುಗೆರೆ ತಪ್ಪುತ್ತದೆ, ಸೀಲು ಒಂದೇ ಕಡೆ ಸವೆದು ಎಣ್ಣೆ ಸೋರುತ್ತದೆ. ನಾವು ಮೇಲೆ ಕೆಳಗೆ 0.005 ಒಂದೊಂದು ತೆಗೆದೆವು, ಇನ್ನೂ ಸಡಿಲ. 0.003 ಒಂದೊಂದು ತೆಗೆದಾಗ ನಕ್ಕಲ್ ಬಿಟ್ಟ ಜಾಗದಲ್ಲೇ ನಿಲ್ಲತೊಡಗಿತು, ಎಳೆದರೆ ಈ ತುದಿಯಿಂದ ಆ ತುದಿವರೆಗೆ ಮುಳ್ಳು ಒಂದೇ ಅಂಕಿಯಲ್ಲಿ ನಡೆಯಿತು. ಎಡ ಬಲ ಎರಡರ ಅಂಕಿಯೂ ಒಂದೇ ಆಗಬೇಕು. ಬರಿ ಕೈಯಲ್ಲಿ ತಿರುಗಿಸಿ ಅಂದಾಜು ಮಾಡಿದರೆ ಒಂದು ಕಡೆ ಹೆಚ್ಚು ಬಿಗಿಯಾಗಿ ಸ್ಟೇರಿಂಗ್ ತಿರುವಿನಿಂದ ವಾಪಸ್ಸು ಬರುವುದಿಲ್ಲ.

ಹಬ್ ಬೇರಿಂಗ್: ಹಬ್ ತಿರುಗಿಸುತ್ತಲೇ ಒಳನಟ್ಟು ಬಿಗಿ ಮಾಡಿ, ಆಮೇಲೆ ಆರನೇ ಒಂದು ಸುತ್ತು ಸಡಿಲ ಬಿಟ್ಟು, ಲಾಕ್ ವಾಷರ್, ಹೊರನಟ್ಟು. ಟೋ-ಇನ್ (ಮುಂದಿನ ಚಕ್ರಗಳು ಮುಂಬದಿಯಲ್ಲಿ ತುಸು ಒಳಕ್ಕೆ ತಿರುಗಿರುವುದು): ಟೈರಿನ ಮಧ್ಯಕ್ಕೆ ಸೀಮೆಸುಣ್ಣ ಬಳಿದು, ಚಕ್ರ ಎತ್ತಿ ತಿರುಗಿಸುತ್ತ ಮೊಳೆಯಲ್ಲಿ ಒಂದು ಸಣ್ಣ ಗೆರೆ ಎಳೆದು, ಗಾಡಿ ಕೆಳಗಿಳಿಸಿ ಒಂದು ಗಜ ಮುಂದಕ್ಕೆ ತಳ್ಳಿ, ಆ ಗೆರೆಗಳ ಅಂತರ ಮುಂದೆ ಹಿಂದೆ ಅಳೆಯಬೇಕು. ಮುಂದೆ 2 ಮಿ.ಮೀ. ಕಡಿಮೆ ಇಟ್ಟೆವು. ತಳ್ಳದೆ ಅಳೆದರೆ ಜಾಕಿನಿಂದ ಇಳಿದ ಟೈರು ಅರೆ ತಿರುಚಿಕೊಂಡೇ ಇರುತ್ತದೆ, ಲೆಕ್ಕ ಸುಳ್ಳು ಬರುತ್ತದೆ.

ಡ್ಯಾಂಪರ್ ಬಿಚ್ಚಿ ಇಟ್ಟಿದ್ದೇವೆ. 70ರಲ್ಲೂ ಕುಣಿತ ಇಲ್ಲ.

ಎಂಜಿನ್ ವಿಷಯಕ್ಕೆ ಬಂದರೆ, ನೋಡಿದವರೆಲ್ಲ "ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ" ಅಂದರು. ಬೆಳಗ್ಗೆ ಬಿಳಿ ಹೊಗೆ, ಒಂದು ಸಿಲಿಂಡರ್ ಕುಂಟು. ಮೂರನೇ ಸಿಲಿಂಡರಿನ ಕಂಪ್ರೆಶನ್ 19 ಬಾರ್, ಉಳಿದವು 24-25. ಬಿಚ್ಚುವ ಮುನ್ನ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ನೋಡಿದರೆ ಮೂರರ ಎಗ್ಸಾಸ್ಟ್ ವಾಲ್ವಿಗೆ ಫೀಲರ್ ಗೇಜಿನ ತೆಳ್ಳನೆಯ ಎಲೆಯೂ ನುಗ್ಗಲಿಲ್ಲ. ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಗ್ಯಾಪ್ ಹೊಂದಿಸಿ, ನೂರು ಕಿ.ಮೀ. ಓಡಿಸಿದ ಮೇಲೆ ಅದೇ ಸಿಲಿಂಡರ್ 23.5. ಹೊಗೆ ಉಳಿದಿತ್ತು. ಇದು ಸ್ವರ್ಲ್ ಚೇಂಬರಿನ ಎಂಜಿನ್, ತಣ್ಣಗಿದ್ದಾಗ ಹೀಟರ್ ಪ್ಲಗ್ ಇಲ್ಲದೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ನಾಲ್ಕರಲ್ಲಿ ಎರಡು ಪ್ಲಗ್ ಸತ್ತಿದ್ದವು. ಬ್ಯಾಟರಿ ಪಾಸಿಟಿವ್‌ನಿಂದ ಟೆಸ್ಟ್ ಲ್ಯಾಂಪ್ ಹಿಡಿದು ಪ್ಲಗ್ಗಿನ ತುದಿಗೆ ಮುಟ್ಟಿಸಿದರೆ ಸತ್ತದ್ದಕ್ಕೆ ದೀಪ ಹತ್ತುವುದಿಲ್ಲ, ಆದರೆ ವೈರನ್ನು ಮೊದಲು ಬಿಡಿಸಿರಬೇಕು. ಬೋರಿನ ಖರ್ಚು ಉಳಿಯಿತು. ಡೀಸೆಲ್ ಪಂಪನ್ನು ಮಾತ್ರ ಕ್ಯಾಲಿಬ್ರೇಶನ್‌ಗೆ ಕಳಿಸಿದೆವು. ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಅಂತ ಬದಲಾದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪಂಪೇ. ಬೆಂಗಳೂರಿನ ಆಡುಗೋಡಿಯ ಹೆಸರು ಅದು, ಅಷ್ಟು ಬೇಗ ಹೋಗುವುದಿಲ್ಲ.

ಥರ್ಮೋಸ್ಟಾಟ್ (ಎಂಜಿನ್ ಹದಕ್ಕೆ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಇರಲೇ ಇಲ್ಲ. ಘಾಟಿಯಲ್ಲಿ ಬಿಸಿಯಾಗುತ್ತದೆ ಅಂತ ಯಾರೋ ಕಿತ್ತು ಎಸೆದಿದ್ದರು. ಕಿತ್ತರೆ ಎಂಜಿನ್ ಎಂದೂ ಹದಕ್ಕೆ ಬರುವುದಿಲ್ಲ, ಡೀಸೆಲ್ ಪೂರ್ತಿ ಉರಿಯದೆ ಆಯಿಲಿಗೆ ಇಳಿಯುತ್ತದೆ, ಬೋರು ಬೇಗ ಸವೆಯುತ್ತದೆ. ಬಿಸಿಯಾಗುತ್ತಿದ್ದುದು ರೇಡಿಯೇಟರ್ ಕೋರಿನ ಕೆಳಗಿನ ಮೂರನೇ ಒಂದು ಭಾಗ ಕಟ್ಟಿದ್ದಕ್ಕೆ. ಎಂಜಿನ್ ಬಿಸಿಯಿದ್ದಾಗ ಫ್ಯಾನ್ ನಿಲ್ಲಿಸಿ ಕೋರಿನ ಮೇಲೆ ಅಂಗೈ ಆಡಿಸಿದರೆ ಕಟ್ಟಿದ ಜಾಗ ತಣ್ಣಗೆ ಸಿಗುತ್ತದೆ. ಕೋರ್ ಬದಲಿಸಿ ಹೊಸ ಥರ್ಮೋಸ್ಟಾಟ್ ಹಾಕಿದೆವು, ಹಾಕುವ ಮುನ್ನ ಪಾತ್ರೆಯಲ್ಲಿ ನೀರು ಕಾಯಿಸಿ, ಅದರ ಮೇಲೆ ಅಚ್ಚೊತ್ತಿದ ಡಿಗ್ರಿಗೆ ಬಾಯಿ ಬಿಡುತ್ತದೆಯೇ ಅಂತ ನೋಡಿಯೇ.

ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್, ಡಿಫರೆನ್ಶಿಯಲ್‌ಗೆ ಜಿಎಲ್-5, ದಪ್ಪ ಎರಡಕ್ಕೂ ಎಸ್‌ಎಇ 90. ಒಂದೇ ಡಬ್ಬದಿಂದ ಎರಡಕ್ಕೂ ಸುರಿಯುವವರಿದ್ದಾರೆ. ಜಿಎಲ್-5ರಲ್ಲಿನ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಲ್ಲದು. ಕ್ರೌನ್ ಪಿನಿಯನ್ (ಡಿಫರೆನ್ಶಿಯಲ್ ಒಳಗಿನ ಗೇರ್ ಜೋಡಿ) ಬದಲಿಸುವ ಪ್ರಸಂಗ ಬಂದರೆ ಹಲ್ಲು ಎಣಿಸಿ: 43ಕ್ಕೆ 8 ಅಂದರೆ 5.38, 39ಕ್ಕೆ 8 ಅಂದರೆ 4.88. ಎರಡೂ ಲೆಕ್ಕದವು ಹಳೇ ಸ್ಪೇರ್ ಅಂಗಡಿಗಳಲ್ಲಿ ಬೆರೆತಿರುತ್ತವೆ. ಮುಂದೊಂದು ಹಿಂದೊಂದು ಹಾಕಿ ಫೋರ್ ವೀಲ್ ಎಳೆದರೆ ಡಾಂಬರಿನ ಮೇಲೆ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮುರಿಯುತ್ತದೆ. ಪ್ರೊಪೆಲ್ಲರ್ ಶಾಫ್ಟ್ (ಅಲ್ಲಿಂದ ಡಿಫರೆನ್ಶಿಯಲ್‌ಗೆ ಹೋಗುವ ಉದ್ದ ಶಾಫ್ಟ್) ಬಿಚ್ಚುವಾಗ ಸ್ಲೈಡಿಂಗ್ ತುಂಡಿನ ಎರಡೂ ಕಡೆ ಪಂಚ್ ಗುರುತು ಹಾಕಿಕೊಳ್ಳಿ. ಶಾಫ್ಟಿನ ಎರಡು ತುದಿಯ ಯೋಕುಗಳು (ಕವಲು ತುಂಡುಗಳು) ಒಂದೇ ನೇರಕ್ಕೆ ಇರಬೇಕು. ಒಂದು ಹಲ್ಲು ತಪ್ಪಿಸಿ ಕೂರಿಸಿದರೆ 40ರ ಮೇಲೆ ಸೀಟಿನ ಕೆಳಗೆ ಗುಂಯ್ ಅನ್ನುತ್ತದೆ, ಜನ ಗೇರ್ ಬಾಕ್ಸ್ ಬಿಚ್ಚುತ್ತಾರೆ.

ಇನ್ನು ಮಾರ್ಪಾಡು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಎತ್ತರಿಸುವುದು, ಅಗಲದ ಟೈರು, ಬುಲ್ ಬಾರ್, ಬೇರೆ ಎಂಜಿನ್ ಯಾವುದಕ್ಕೂ ಕೈ ಹಾಕಲಿಲ್ಲ. ಮಾಡಿದ್ದು ಎರಡೇ: ಹೆಡ್‌ಲೈಟ್ ವೈರಿಂಗ್, ಬ್ರೇಕ್ ಬೂಸ್ಟರ್ (ವ್ಯಾಕ್ಯೂಮಿನ ಬಲದಿಂದ ಪೆಡಲ್ ಹಗುರ ಮಾಡುವ ಡಬ್ಬ). ಬೂಸ್ಟರಿಗೆ ಮೊದಲು ಆರ್‌ಟಿಒ ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರ್ ಅವರನ್ನು ಕೇಳಿಕೊಂಡೇ ಕೈ ಹಾಕಿದ್ದು.

ಹೆಡ್‌ಲೈಟ್ ಮಂಕು ಅಂತ ಹೆಚ್ಚು ವಾಟಿನ ಬಲ್ಬ್ ಹಾಕುವುದು ವ್ಯರ್ಥ. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದಾಗ ಬಲ್ಬಿನ ಹಿಂದೆ 10.4 ಬರುತ್ತಿತ್ತು. ಉಳಿದದ್ದು ಮೂವತ್ತು ವರ್ಷದ ಸ್ವಿಚ್ಚು, ತೆಳು ವೈರು ತಿನ್ನುತ್ತಿದ್ದವು. ಬ್ಯಾಟರಿಯಿಂದ ನೇರ 2.5 ಚದರ ಮಿ.ಮೀ. ವೈರು, ಫ್ಯೂಸ್, ಎರಡು ರಿಲೇ. ಹಳೇ ಸ್ವಿಚ್ ರಿಲೇಗೆ ಸನ್ನೆ ಮಾತ್ರ ಕೊಡುತ್ತದೆ. ಅದೇ 60/55 ವಾಟಿನ ಎಚ್4 ಬಲ್ಬು ಈಗ ಸಾಕಾಗುತ್ತದೆ. ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ಹೊಸ ಅರ್ತ್ ಪಟ್ಟಿ ಮರೆಯಬೇಡಿ, ಬಣ್ಣ ಹೊಡೆದ ಗಾಡಿಯಲ್ಲಿ ಅರ್ತ್ ಹೋಗುವುದು ಬಣ್ಣದಿಂದಲೇ.

ಬೂಸ್ಟರ್ ಕೆಲಸ ಹೆಚ್ಚು ತಲೆ ತಿಂದದ್ದು. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಸಿಗುವುದಿಲ್ಲ, ಆದ್ದರಿಂದ ಹಿಂಬದಿಯಲ್ಲಿ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಬೇಕು. ಆ ಪಂಪಿಗೆ ಎಂಜಿನ್ ಆಯಿಲಿನ ಲೈನ್ ಹೋಗಬೇಕು, ವಾಪಸ್ ಸಂಪಿಗೆ ಬರಬೇಕು. ವಾಪಸ್ ಪೈಪ್ ತೆಳುವಾದರೆ ಆಯಿಲ್ ಆಲ್ಟರ್ನೇಟರಿನೊಳಗೆ ನುಗ್ಗುತ್ತದೆ. ಜೀಪಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಫ್ಲೋರಿನ ಕೆಳಗೆ, ಚಾಸಿಗೆ ಕೂತಿರುತ್ತದೆ. ಬೂಸ್ಟರನ್ನೂ ಅಲ್ಲೇ 6 ಮಿ.ಮೀ. ಬ್ರಾಕೆಟ್ ಮೇಲೆ ಕೂರಿಸಿ, ಅದು ಉಸಿರಾಡುವ ಜಾಗಕ್ಕೆ ಹೋಸ್ ಕೊಟ್ಟು ಬಾನೆಟ್ ಎತ್ತರಕ್ಕೆ ತಂದೆವು, ಇಲ್ಲದಿದ್ದರೆ ಹಳ್ಳ ದಾಟುವಾಗ ಕೆಸರು ಎಳೆದುಕೊಳ್ಳುತ್ತದೆ. ಬ್ರೇಕ್ ಪೈಪು 4.75 ಮಿ.ಮೀ.ಯ ಉಕ್ಕಿನ ಬಂಡಿ (Bundy) ಟ್ಯೂಬ್, ತುದಿ ಡಬಲ್ ಫ್ಲೇರ್ (ಎರಡು ಮಡಿಕೆ ಅಗಲಿಸಿದ್ದು). ಬ್ರೇಕ್ ಡ್ರಮ್‌ಗಳನ್ನು ಲೇತಿನಲ್ಲಿ ತಿರುವಿಸಿ, ಒಳವ್ಯಾಸ ಮೂಲಕ್ಕಿಂತ 1.5 ಮಿ.ಮೀ. ದಾಟಿದ್ದ ಒಂದನ್ನು ಎಸೆದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸತು ತರಿಸಿದೆವು.

ಎಲ್ಲ ಜೋಡಿಸಿ ಗಾಳಿ ತೆಗೆದೆವು. ಸಂಜೆ ಪೆಡಲ್ ಕಲ್ಲಿನ ಹಾಗೆ. ಬೆಳಗ್ಗೆ ಬಂದು ಒತ್ತಿದರೆ ಮೊದಲ ಸಲ ನೆಲಕ್ಕೆ, ಎರಡನೇ ಸಲ ಅರ್ಧಕ್ಕೆ, ಮೂರನೇ ಸಲ ಗಟ್ಟಿ. ಗಾಳಿ ಇದೆ ಅಂತ ಮತ್ತೆ ತೆಗೆದೆವು. ನಾಲ್ಕು ಸಲ ಬ್ಲೀಡಿಂಗ್, ಒಂದು ಲೀಟರಿನ ಮೇಲೆ ಬ್ರೇಕ್ ಆಯಿಲ್. ಎಲ್ಲೂ ಸೋರಿಕೆ ಇಲ್ಲ, ನಿಪ್ಪಲಿನಲ್ಲಿ ಗುಳ್ಳೆಯೂ ಇಲ್ಲ. ಬ್ರೇಕ್ ಶೂ (ಡ್ರಮ್ಮಿಗೆ ಒತ್ತುವ ಪಟ್ಟಿ) ಅಡ್ಜಸ್ಟ್ ಮಾಡಿದರೂ ಮಾರನೆಯ ಬೆಳಗ್ಗೆ ಅದೇ ಕತೆ.

ಕಾರಣ ಮಾಸ್ಟರ್ ಸಿಲಿಂಡರಿನ ಬಾಯಲ್ಲಿತ್ತು. ನಾವು ತಂದು ಹಾಕಿದ್ದ ಮಾಸ್ಟರ್ ಸಿಲಿಂಡರ್ ಮುಂದೆ ಡಿಸ್ಕ್ ಹಿಂದೆ ಡ್ರಮ್ ಇರುವ ಗಾಡಿಯದು. ಡ್ರಮ್ ಬ್ರೇಕಿಗೆ ಲೈನಿನಲ್ಲಿ ಸದಾ 10 ಪಿಎಸ್‌ಐ ಆಸುಪಾಸು ಒತ್ತಡ ಉಳಿಯಬೇಕು, ಅದನ್ನು ಉಳಿಸುವುದು ಒಂದು ಚಿಕ್ಕ ಚೆಕ್ ವಾಲ್ವ್. ಡಿಸ್ಕಿನ ಬಾಯಲ್ಲಿ ಅದು ಇರುವುದಿಲ್ಲ, ಇದ್ದರೆ ಪ್ಯಾಡು ಉಜ್ಜುತ್ತಲೇ ಇರುತ್ತದೆ. ನಮ್ಮ ಮಾಸ್ಟರ್ ಫ್ಲೋರಿನ ಕೆಳಗೆ, ಮುಂದಿನ ವೀಲ್ ಸಿಲಿಂಡರ್ ಅದಕ್ಕಿಂತ ಮೇಲೆ. ರಾತ್ರಿಯಿಡೀ ಆಯಿಲ್ ನಿಧಾನವಾಗಿ ಹಿಂದಕ್ಕೆ ಇಳಿದು ಶೂ ದೂರ ಸರಿಯುತ್ತಿತ್ತು. ಮುಂದಿನ ಲೈನಿಗೆ 10 ಪಿಎಸ್‌ಐ ವಾಲ್ವ್ ಒಂದನ್ನು, ಬಾಣದ ಗುರುತು ಚಕ್ರದ ಕಡೆಗೆ ಇಟ್ಟು ಜೋಡಿಸಿದ ದಿನದಿಂದ ಬೆಳಗಿನ ಮೊದಲ ಒತ್ತಿಗೇ ಪೆಡಲ್ ಗಟ್ಟಿ. ಬೂಸ್ಟರ್ ಪರೀಕ್ಷೆಗೆ, ಎಂಜಿನ್ ನಿಲ್ಲಿಸಿ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಬೇಕು. ಪೆಡಲ್ ತಾನಾಗಿ ಒಂದಿಂಚು ಕೆಳಗಿಳಿಯಬೇಕು.

ಮೊದಲ 50 ಕಿ.ಮೀ. ಆದಮೇಲೆ ಒಮ್ಮೆ, 500 ಆದಮೇಲೆ ಒಮ್ಮೆ ಯು-ಬೋಲ್ಟ್‌ಗಳನ್ನು (ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟುವವು) ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಿದೆವು. ಹೊಸ ಬಣ್ಣ ಪುಡಿಯಾಗಿ ಬಿದ್ದು ಕಾಲು ಸುತ್ತು ಸಡಿಲ ಬಂದೇ ಬರುತ್ತದೆ. ಘಾಟಿ ಇಳಿಸಿ ನಿಲ್ಲಿಸಿ ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿದರೆ ಹಿಂದಿನ ಎಡಗಡೆಯದು ಉಳಿದ ಮೂರಕ್ಕಿಂತ ಬಿಸಿ. ಶೂ ಅಡ್ಜಸ್ಟರ್ ಸ್ವಲ್ಪ ಹೆಚ್ಚು ತಿರುಗಿತ್ತು. ಅದನ್ನು ಸಡಿಲಿಸಿ ಇನ್ನೊಮ್ಮೆ ಇಳಿಸಿದಾಗ ನಾಲ್ಕೂ ಒಂದೇ ಬಿಸಿ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲು ರಾತ್ರಿಗೆ ಎರಡು ತೊಟ್ಟು ಆಯಿಲ್ ಬಿಡುತ್ತದೆ. ಸೀಲು ಹೊಸದೇ, ಆದರೆ ಯೋಕಿನ ಕತ್ತು ಗೀರು ಬಿದ್ದಿದೆ. ಮುಂದಿನ ಸಲ ಬಿಚ್ಚಿದಾಗ ಲೇತಿಗೆ ಕೊಟ್ಟು ಸ್ಲೀವ್ ಹಾಕಿಸಬೇಕು. ಅಲ್ಲಿಯವರೆಗೆ ಕೆಳಗೆ ಒಂದು ಅಡಿಕೆ ಹಾಳೆ ಇಟ್ಟಿದ್ದೇವೆ.